ಹಾಡಿನ ಪೆಟ್ಟಿಗೆಗೆ ಕಿವಿಗೊಟ್ಟವರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಗೆ, ಅವರ ಕೈ ಹಿಡಿದು ಕುಳಿತಿರುವ ಮಗಳಿಗೆ ಮೊದಲ ನಮಸ್ಕಾರ. ಕ್ಯಾಂಟೀನ್ ಸಮಿತಿಯ ಕಾರ್ಯದರ್ಶಿಗಳೇ, ಡಿಪೋದ ಡ್ರೈವರುಗಳೇ, ಕಂಡಕ್ಟರುಗಳೇ, ವರ್ಕ್‌ಶಾಪಿನ ಗೆಳೆಯರೇ, ಬಸ್ಸು ತೊಳೆಯುವ ಅಕ್ಕಂದಿರೇ — ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ, ಹಿಂದೆ ಇನ್ನೂ ಎರಡು ಬೆಂಚು ಖಾಲಿ ಇವೆ.

ಅತ್ತಿಗೆಯ ಯಜಮಾನರು, ನಮ್ಮನ್ನು ಅಗಲಿದ ಕಿವಿಯಣ್ಣನವರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಈ ಡಿಪೋದಲ್ಲಿ ಅವರ ಜೊತೆ ಐದು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಮಾಡಿದವಳು. ನಿಮ್ಮಲ್ಲಿ ಅನೇಕರಿಗೆ ನಾನು ಊಟದ ಹೊತ್ತಿನಲ್ಲಿ ಕಾರ್ಮಿಕರ ಹಕ್ಕಿನ ಕರಪತ್ರ ಹಂಚುವ ಹುಡುಗಿ ಎಂದಷ್ಟೇ ಗೊತ್ತು. ಅಣ್ಣ ನನ್ನನ್ನು ಹೆಸರಿಟ್ಟು ಕರೆದದ್ದೇ ಇಲ್ಲ. "ಏ ಕರಪತ್ರ, ಆ ಟೆಸ್ಟರ್ ಕೊಡು" — ಅಷ್ಟೇ. ಇವತ್ತು ಕೈಯಲ್ಲಿ ಕರಪತ್ರವಿಲ್ಲ. ಬರೆದುಕೊಂಡು ಬಂದ ಹಾಳೆಯೂ ಇಲ್ಲ. ತಪ್ಪಿದರೆ ತಿದ್ದಿ.

ನಾನು ಅಳಲು ಬಂದಿಲ್ಲ. ಹೆಮ್ಮೆ ಪಡಲು ಬಂದಿದ್ದೇನೆ.

ನನ್ನ ಎಡಗಡೆ, ಗೋಡೆಗೆ ಒರಗಿ ನಿಂತಿದೆಯಲ್ಲ — ನಮ್ಮ ಹಾಡಿನ ಪೆಟ್ಟಿಗೆ, ಜೂಕ್‌ಬಾಕ್ಸ್ — ಅದರಿಂದಲೇ ಶುರು ಮಾಡುತ್ತೇನೆ. ಈಚೆಗೆ ಕೆಲಸಕ್ಕೆ ಸೇರಿದವರಿಗೆ ಅದರ ಕತೆ ಗೊತ್ತಿರಲಾರದು. ಮೂವತ್ತೊಂದು ವರ್ಷದ ಹಿಂದೆ ಒಂದು ದೊಡ್ಡ ಹೋಟೆಲು ಮುಚ್ಚಿದಾಗ ಇದನ್ನು ಹಿತ್ತಲಲ್ಲಿ ಎಸೆದಿದ್ದರು. ಅಣ್ಣ ನೋಡಿದರು. ನಾಲ್ವರು ಡ್ರೈವರುಗಳನ್ನು ಕರೆದುಕೊಂಡು ಹೋದರು. ಬಸ್ಸಿನ ಹಿಂದಿನ ಸೀಟು ಬಿಚ್ಚಿ, ಇದನ್ನು ಮಲಗಿಸದೆ ನಿಲ್ಲಿಸಿಕೊಂಡೇ ತಂದರು. ಆ ಬಸ್ಸಿನ ಕಂಡಕ್ಟರು ಭಾರೀ ಶಿಸ್ತಿನ ಮನುಷ್ಯ. "ನಿಂತು ಬಂದರೂ ಟಿಕೆಟ್ ಟಿಕೆಟ್ಟೇ" ಎಂದು ಇದಕ್ಕೂ ಒಂದು ಹರಿದರು. ಆ ಟಿಕೆಟ್ಟು ಇವತ್ತಿಗೂ ಪೆಟ್ಟಿಗೆಯ ಗಾಜಿನ ಒಳಗಡೆ ಇದೆ. ಆಮೇಲೆ ಹತ್ತಿರ ಹೋಗಿ ನೋಡಿ.

ಇದು ನಾಣ್ಯ ಹಾಕಿದರೆ ಹಾಡುವ ಯಂತ್ರ. ಅಣ್ಣ ಮೊದಲು ಮಾಡಿದ ರಿಪೇರಿ ಆ ನಾಣ್ಯದ ಬಾಯಿಯದು. ನಮ್ಮ ವರ್ಕ್‌ಶಾಪಿನ ವಾಷರಿಗೆ ಅದನ್ನು ಹೊಂದಿಸಿದರು. ಹನ್ನೆರಡು ವಾಷರುಗಳನ್ನು ದಾರಕ್ಕೆ ಪೋಣಿಸಿ ಪಕ್ಕದಲ್ಲಿ ನೇತುಹಾಕಿದರು. ಯಾರು ಬೇಕಾದರೂ ಒಂದು ವಾಷರ್ ಬಿಡಿಸಿಕೊಂಡು ಹಾಕಿ, ಹಾಡು ಕೇಳಿ, ಕೆಳಗಿನ ತಟ್ಟೆಯಿಂದ ತೆಗೆದು ಮತ್ತೆ ಪೋಣಿಸಬೇಕು. ಮೂವತ್ತೊಂದು ವರ್ಷ. ಇವತ್ತು ಬೆಳಿಗ್ಗೆ ಎಣಿಸಿದೆ. ಹನ್ನೆರಡೂ ಇವೆ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅವರಿಗೆ ಭಾಷಣ ಬಿಗಿದಿದ್ದೆ. "ಅಣ್ಣ, ಇದು ಉಳ್ಳವರ ಆಟಿಕೆ. ಇದಕ್ಕೆ ನಿಮ್ಮ ದುಡಿಮೆ ಯಾಕೆ ಸುರೀತೀರಿ?" ಅವರು ಸ್ಕ್ರೂ ಬಿಗಿಯುತ್ತಲೇ ಕೇಳಿದರು:

"ನೀನು ಓದೋ ಪುಟ್ಟ ಪುಸ್ತಕದಲ್ಲಿ ದುಡಿಯೋರಿಗೆ ವಿರಾಮ ಬೇಕು ಅಂತ ಇದೆಯಾ?"

"ಇದೆ."

"ವಿರಾಮದಲ್ಲಿ ಏನು ಮಾಡಬೇಕು ಅಂತ ಬರೆದಿದಾರಾ?"

ಹುಡುಕಿದೆ. ನಿಜವಾಗಿ ಅವತ್ತು ಮನೆಗೆ ಹೋಗಿ ಚೀಲ ಸುರಿದು ಹುಡುಕಿದೆ. ಇರಲಿಲ್ಲ. ಮರುದಿನ ಬಂದು ಒಪ್ಪಿಕೊಂಡೆ. ಅಣ್ಣ ಪೆಟ್ಟಿಗೆಯ ನೆತ್ತಿ ತಟ್ಟಿ, "ಆ ಪುಟ ನಮ್ಮ ಕ್ಯಾಂಟೀನಲ್ಲಿದೆ, ತಗೋ" ಎಂದರು.

ಈಗ ಅವರ ಕೆಲಸದ ರೀತಿ ಹೇಳಬೇಕು. ಎರಡು ನಿಯಮಗಳಿದ್ದವು. ಒಂದು — ಪೂರ್ತಿ ಕೇಳಿಸಿಕೊಳ್ಳದೆ ಬಿಚ್ಚಬಾರದು. ಬಸ್ಸಾದರೆ ಇಂಜಿನ್ ಶುರುವಾಗಿ ನಿಲ್ಲುವವರೆಗೆ. ಹಾಡಿನ ಪೆಟ್ಟಿಗೆಯಾದರೆ ರೆಕಾರ್ಡಿನ ತಟ್ಟೆ ಮೇಲೇಳುವುದರಿಂದ ಹಿಡಿದು ಮತ್ತೆ ಗೂಡು ಸೇರುವವರೆಗೆ, ಒಂದು ಇಡೀ ಹಾಡು, ಕೈ ಕಟ್ಟಿಕೊಂಡು. ಕಿವಿಯಣ್ಣ ಎಂಬ ಹೆಸರು ಬಂದದ್ದು ಇದರಿಂದಲೇ.

ಎರಡನೆಯದು ಚೀಟಿ. ಏನನ್ನೇ ರಿಪೇರಿ ಮಾಡಿದರೂ ಅದರ ಒಳಗೆ ಒಂದು ಚೀಟಿ ಅಂಟಿಸುತ್ತಿದ್ದರು. ಚೀಟಿಯಲ್ಲಿ ಎರಡು ಸಾಲು. ಮೊದಲ ಸಾಲು 'ಅಂದುಕೊಂಡದ್ದು'. ಎರಡನೆಯ ಸಾಲು 'ಇದ್ದದ್ದು'. ಕೆಳಗೆ ತಾರೀಖು, ಸಹಿ.

ಯೋಚಿಸಿ ನೋಡಿ. ತಾನು ಮೊದಲು ತಪ್ಪಾಗಿ ಏನು ಅಂದುಕೊಂಡೆ ಎಂಬುದನ್ನು ಬರೆದು, ಸಹಿ ಹಾಕಿ, ಅಂಟಿಸುವ ಮನುಷ್ಯ! ನಮ್ಮ ಕಾರ್ಯದರ್ಶಿಗಳೇ ಒಮ್ಮೆ ಕೇಳಿದ್ದರು — ಅವರು ನಗುತ್ತಿದ್ದಾರೆ, ನೆನಪಿದೆ — "ಅಲ್ಲಯ್ಯಾ, ನಿನ್ನ ದಡ್ಡತನಾನ ನೀನೇ ಅಂಟಿಸ್ಕೊಂಡು ಓಡಾಡ್ತೀಯಲ್ಲ, ನಾಚಿಕೆ ಆಗಲ್ವ?" ಅಣ್ಣ ಹೇಳಿದರು: "ಮುಂದೆ ಬಿಚ್ಚೋರಿಗೆ ನನ್ನ ಜಾಣತನ ಏನು ಉಪಯೋಗ ಸ್ವಾಮಿ? ಅವರು ಎಡವೋದು ನಾನು ಎಡವಿದ ಕಡೆನೇ."

ನಾಲ್ಕನೆಯ ಸಾಲಿನಲ್ಲಿ ನಮ್ಮ ಮೀಸೆ ಡ್ರೈವರ್ ಇದ್ದಾರೆ. ಅಣ್ಣಾ, ಸ್ವಲ್ಪ ಕೈ ಎತ್ತಿ. ಹಾಂ. ಇವರ ಬಸ್ಸು ನಡುದಾರಿಯಲ್ಲಿ ನಿಂತು, ಅರವತ್ತು ಜನ ಬಿಸಿಲಲ್ಲಿ ಇಳಿದು, ಇವರು ಫ್ಯೂಸ್ ಪೆಟ್ಟಿಗೆ ತೆಗೆದರೆ ಮುಚ್ಚಳದ ಒಳಗೆ ಚೀಟಿ. 'ಅಂದುಕೊಂಡದ್ದು: ಫ್ಯೂಸ್. ಇದ್ದದ್ದು: ಎಡ ಚಕ್ರದ ಮೇಲೆ ತಂತಿ ಉಜ್ಜಿ ಸವೆದಿತ್ತು.' ಇವರು ನೇರ ಎಡ ಚಕ್ರದ ಕಡೆ ಹೋದರು. ಹತ್ತು ನಿಮಿಷದಲ್ಲಿ ಬಸ್ಸು ಹೊರಟಿತು. ಕಿವಿಯಣ್ಣ ಆಗ ಮನೆಯಲ್ಲಿ ಊಟಕ್ಕೆ ಕೂತಿದ್ದರು!

ಪ್ರತಿಮೆ ಕಟ್ಟಿಸಿಕೊಂಡವರ ಬಗ್ಗೆ ನಾನು ಬೇಕಾದಷ್ಟು ಓದಿದ್ದೇನೆ. ತನ್ನ ತಪ್ಪಿಗೆ ಸಹಿ ಹಾಕಿದವರನ್ನು ಕಂಡದ್ದು ಇಲ್ಲಿ, ಗ್ರೀಸು ಹತ್ತಿದ ಈ ಡಿಪೋದಲ್ಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಳೆದ ತಿಂಗಳು, ಅಣ್ಣ ಆಸ್ಪತ್ರೆ ಸೇರಿದ ಎರಡನೆಯ ವಾರ, ಪೆಟ್ಟಿಗೆಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ನೀವೆಲ್ಲ ಕೇಳಿದ್ದೀರಿ. ಹಾಡು ದೂರದಲ್ಲೆಲ್ಲೋ, ಎದುರಿಗೆ ಮಾತ್ರ ದೊಡ್ಡದೊಂದು ಜೇನುಗೂಡು. ಸಮಿತಿ ನೋಟಿಸ್ ಹಾಕಿತು. ಶುಕ್ರವಾರದೊಳಗೆ ಸರಿಯಾಗದಿದ್ದರೆ ಒಳಗಿನ ಯಂತ್ರವನ್ನೆಲ್ಲ ಕಿತ್ತು ಗುಜರಿಗೆ ಹಾಕುವುದು, ಖಾಲಿ ಗೂಡಿನಲ್ಲಿ ಹೊಸ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಡುವುದು.

ನಾನು ಎದ್ದು ನಿಂತು, "ನಾನು ಸರಿ ಮಾಡ್ತೀನಿ" ಎಂದೆ. ಪೂರ್ತಿ ಹಾಡು ಕೇಳಲಿಲ್ಲ. ಚೀಟಿ ಓದಲಿಲ್ಲ. ಗುಂಯ್ ಎಂದರೆ ಕೆಪಾಸಿಟರ್ ಹೋಗಿದೆ — ಯಾವ ಪುಸ್ತಕ ತೆಗೆದರೂ ಅದೇ ಬರೆದಿರುತ್ತದೆ. ಮೂರು ಕೆಪಾಸಿಟರ್ ಬದಲಾಯಿಸಿದೆ. ಸ್ವಿಚ್ ಹಾಕಿದೆ. ಆಹಾ — ಒಂದು ಚೂರೂ ಸದ್ದಿಲ್ಲ! ಕಾರ್ಯದರ್ಶಿಗಳನ್ನು ಕರೆದೆ. ಊಟಕ್ಕೆ ಕೂತಿದ್ದ ನಿಮ್ಮನ್ನೆಲ್ಲ ಕರೆದೆ. "ಕೇಳಿ, ಕೇಳಿ, ಎಷ್ಟು ಶುದ್ಧವಾಗಿದೆ!" ಎಂದೆ. ಬಸ್ಸು ತೊಳೆಯುವ ದೊಡ್ಡಕ್ಕ ಬಂದು ವಾಷರ್ ಹಾಕಿದರು. ತಟ್ಟೆ ಎದ್ದಿತು, ಸೂಜಿ ಕೂತಿತು —

ಗುಂಯ್.

ನೀವು ನಕ್ಕಿರಿ. ಪರವಾಗಿಲ್ಲ, ಈಗಲೂ ನಗಬಹುದು. ದೊಡ್ಡಕ್ಕನಂತೂ, "ಕರಪತ್ರ ಓದಿ ಹೇಳಮ್ಮ, ಹೆದರಿ ಸುಮ್ಮನಾದ್ರೂ ಆಗುತ್ತೆ" ಎಂದರು.

ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತಿಗೆ. "ಮಾತ್ರೆ ನುಂಗೋಕೆ ಬಾಯಿ ತೆಗೀತಿಲ್ಲ ಇವ್ರು. ನಿನ್ನ ಫೋನು ಅಂದ ತಕ್ಷಣ ನೋಡು, ಎದ್ದು ಕೂತ್ರು. ಮೊದಲು ಮಾತ್ರೆ, ಆಮೇಲೆ ಪೆಟ್ಟಿಗೆ." ನೀರು ಕುಡಿದ ಸದ್ದು ಕೇಳಿಸಿತು. ಕೆಪಾಸಿಟರ್ ಹಾಕಿದ್ದನ್ನೂ ಮತ್ತೆ ಗುಂಯ್ ಎಂದದ್ದನ್ನೂ ಹೇಳಿದೆ. ಆಮೇಲೆ ಅಣ್ಣನ ದನಿ, ತೆಳ್ಳಗೆ:

"ಹಾಡಿಲ್ಲದಾಗ ಗುಂಯ್ ಇದೆಯಾ?"

"ಇಲ್ಲ ಅಣ್ಣ."

"ಕೆಪಾಸಿಟರ್ ಬದಲಾಯಿಸೋಕೆ ಮುಂಚೆ ಇತ್ತಾ?"

"ಅದು… ಅಣ್ಣ…" ಎಂದು ರಾಗ ಎಳೆದೆ. ಮುಂಚೆ ನಾನು ಕೇಳಿಸಿಕೊಂಡೇ ಇರಲಿಲ್ಲವಲ್ಲ!

"ಸರಿ, ತಿಳೀತು. ಕೇಳು. ಹಾಡಿಲ್ಲದಾಗ ಆ ಪೆಟ್ಟಿಗೆ ತನ್ನ ಬಾಯಿ ತಾನೇ ಮುಚ್ಕೊಂಡಿರುತ್ತೆ. ಹಿಂದೆ ಒಂದು ಪುಟ್ಟ ಸ್ವಿಚ್ಚಿದೆ, ಸೂಜಿ ತಟ್ಟೆಯಿಂದ ಮೇಲೆದ್ದಿದ್ದಾಗ ಅದು ಸೂಜಿ ಕಡೆಯ ಸದ್ದನ್ನ ಅದುಮಿಡುತ್ತೆ. ನೀನು ಕೇಳಿದ್ದು ಮೌನ ಅಲ್ಲ ಕಣೇ. ಬಾಯಿ ಮುಚ್ಚಿಸಿದ್ದು. ನೀನೇ ಹೇಳ್ತಿರ್ತೀಯಲ್ಲ, ಜನ ಸುಮ್ಮನಿದಾರೆ ಅಂದ್ರೆ ಸುಖವಾಗಿದಾರೆ ಅಂತಲ್ಲ ಅಂತ?"

ಗೆಳೆಯರೇ — ನನ್ನ ಮಾತನ್ನೇ ಅಷ್ಟು ಚೊಕ್ಕವಾಗಿ ಯಾರೂ ನನಗೆ ತಿರುಗಿಸಿ ಕೊಟ್ಟಿರಲಿಲ್ಲ.

"ಆ ಸ್ವಿಚ್ಚಿನ ಎರಡು ತುಟಿ ಮಧ್ಯೆ ಒಂದು ಚೂರು ರಟ್ಟು ಸಿಗಿಸು, ತುಟಿ ಕೂಡದಿದ್ರೆ ಬಾಯಿ ಮುಚ್ಚಲ್ಲ" ಎಂದರು. ಸಿಗಿಸಿದೆ. ಗುಂಯ್ ಎಂದಿತು. "ಈಗ ಸೌಂಡು ಪೂರ್ತಿ ಇಳಿಸು." ಇಳಿಸಿದೆ. ಗುಂಯ್ ನಿಂತಿತು. "ಹಾಗಾದ್ರೆ ರೋಗ ಸೌಂಡಿನ ಗುಂಡಿಗಿಂತ ಮುಂಚೇನೇ ಇದೆ. ಸೂಜಿ ಕಡೆ. ಸೌಂಡು ಏರಿಸು, ಸೂಜಿ ಸಿಕ್ಕಿಸಿರೋ ಆ ಉದ್ದನೆ ಕೈಯನ್ನ ಮೆಲ್ಲಗೆ ಆಡಿಸು. ಫೋನನ್ನ ಸ್ಪೀಕರ್ ಹತ್ರ ಹಿಡಿ."

ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸೂಜಿಯ ಕೈ. ಹೀಗೆ ಎಡಕ್ಕೆ — ಗುಂಯ್. ಹೀಗೆ ಬಲಕ್ಕೆ — ಇಲ್ಲ. ಎಡಕ್ಕೆ — ಗುಂಯ್.

"ಸಾಕು" ಎಂದರು. "ಕೈ ತಿರುಗೋ ಬುಡದಲ್ಲಿ ಕೂದಲಿನಂಥ ತಂತಿ ಇದೆ, ಅರ್ಥಿಂಗ್‌ದು. ಮೇಲೆ ಸಿಪ್ಪೆ ಸರಿಯಾಗಿರುತ್ತೆ. ಒಳಗೆ ಮುರಿದಿದೆ. ಬದಲಾಯಿಸು. ಆಮೇಲೆ ಪೆಟ್ಟಿಗೆ ಹಿಂಬಾಗಿಲಲ್ಲಿ ಒಂಬತ್ತನೇ ಚೀಟಿ ಓದು."

ಹಿಂಬಾಗಿಲಲ್ಲಿ ಇಪ್ಪತ್ತಮೂರು ಚೀಟಿಗಳಿದ್ದವು. ಒಂಬತ್ತನೆಯದು ಹದಿನೆಂಟು ವರ್ಷ ಹಳೆಯದು. ನನಗೆ ಬಾಯಿಪಾಠವಾಗಿದೆ, ಹೇಳುತ್ತೇನೆ. 'ಅಂದುಕೊಂಡದ್ದು: ಕೆಪಾಸಿಟರ್. ಬದಲಾಯಿಸಿ, ಹಾಡು ಹಾಕದೆ, ಸರಿಯಾಯಿತು ಎಂದು ಎಲ್ಲರನ್ನೂ ಕರೆದೆ. ಇದ್ದದ್ದು: ಸೂಜಿ ಕೈಬುಡದ ತಂತಿ. ನಾನು ಪೆದ್ದ.' ತಾರೀಖು. ಸಹಿ.

ನನಗೆ ಸಿಟ್ಟು ಬಂತು. "ಮೊದಲೇ ಚೀಟಿ ಓದು ಅಂತ ಹೇಳಬಾರದಿತ್ತಾ ಅಣ್ಣ?"

"ಹೇಳಿದ್ರೆ ಚೀಟಿ ಓದಿ ತಂತಿ ಹಾಕಿರ್ತಿದ್ದೆ. ಕಿವಿ ಕೊಡ್ತಿರಲಿಲ್ಲ. ಈಗ ನಿನ್ನ ಚೀಟಿ ಬರಿ. ಎಷ್ಟು ಕೆಪಾಸಿಟರ್ ದಂಡ ಮಾಡಿದೆ?"

"ಮೂರು."

"ಮೂರು ಅಂತಾನೇ ಬರಿ."

ಬರೆದೆ. ಇಪ್ಪತ್ತನಾಲ್ಕನೆಯ ಚೀಟಿ. ಕೊನೆಗೆ 'ನಾನು ಪೆದ್ದಿ' ಎಂದೂ ಬರೆದೆ. ಓದಿ ಹೇಳಿದಾಗ ಅವರು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಆ ಕಡೆಯಿಂದ ಅತ್ತಿಗೆ ನನ್ನನ್ನು ಬೈದದ್ದೂ ಕೇಳಿಸಿತು.

ಗುರುವಾರ ತಂತಿ ಬೆಸೆದೆ. ಈ ಸಲ ಅಣ್ಣನಿಗೆ ಫೋನ್ ಮಾಡಿ, ಹಾಡು ಹಾಕಿ, ಫೋನನ್ನು ಸ್ಪೀಕರ್ ಹತ್ತಿರ ಹಿಡಿದೆ. ಹಾಡು ಮುಗಿಯಿತು. ಹಾಡು ಮುಗಿದು ಸೂಜಿ ಮೇಲೇಳುವ ಮುಂಚೆ ಒಂದೆರಡು ಉಸಿರಿನಷ್ಟು ಖಾಲಿ ಜಾಗ ಇರುತ್ತದೆ. ಅಣ್ಣ ಕಾದಿದ್ದು ಅದಕ್ಕೆ. "ಹಾಂ" ಎಂದರು. "ಈಗ ಬಾಯಿ ಬಿಟ್ಟೇ ಸುಮ್ಮನಿದೆ." ಅಷ್ಟೇ. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಆಮೇಲೆ ಅತ್ತಿಗೆ ನನಗೆ ಹೇಳಿದರು, "ಯಾವ ಹಾಡು ಅಂತ ಕೇಳಿದೆ. ಗೊತ್ತಿಲ್ಲ ಅಂದ್ರು. ಮೂವತ್ತು ವರ್ಷ ಆ ಪೆಟ್ಟಿಗೆ ಮುಂದೆ ಕೂತ ಮನುಷ್ಯ, ಒಂದು ಹಾಡೂ ಗೊತ್ತಿಲ್ಲ!"

ಐದು ದಿನದ ನಂತರ ಅವರು ಹೋದರು. ನಿವೃತ್ತಿಗೆ ಇನ್ನೂ ಏಳು ತಿಂಗಳಿತ್ತು.

ಕಾರ್ಯದರ್ಶಿಗಳೇ, ನಾಳೆ ಸಮಿತಿ ಸೇರುತ್ತಿದೆ ಎಂದು ಗೊತ್ತು. ನೋಟಿಸ್ ಇನ್ನೂ ಹಲಗೆಯ ಮೇಲಿದೆ. ನೀವು ನನ್ನನ್ನು ಕೇಳಿದಿರಿ, "ಈಗೇನೋ ಸರಿ ಮಾಡಿದ್ದಾಯ್ತಮ್ಮ. ಕಿವಿಯಣ್ಣ ಇಲ್ಲ. ಇನ್ನು ಇದನ್ನ ನೋಡ್ಕೊಳ್ಳೋರು ಯಾರು?" ನ್ಯಾಯವಾದ ಪ್ರಶ್ನೆ. ಎಲ್ಲರೆದುರು ಉತ್ತರ ಕೊಡುತ್ತೇನೆ. ಹಿಂಬಾಗಿಲ ಬೀಗದ ಕೈಯನ್ನು ಇವತ್ತು ಬೆಳಿಗ್ಗೆ ವಾಷರುಗಳ ದಾರಕ್ಕೇ ಕಟ್ಟಿದ್ದೇನೆ. ಯಾರು ಬೇಕಾದರೂ ತೆಗೆಯಿರಿ, ಓದಿ, ಕಲಿಯಿರಿ. ಇಪ್ಪತ್ತನಾಲ್ಕು ಚೀಟಿಗಳಿವೆ. ಕಾಲೇಜಿನಲ್ಲಿ ಕಲಿಸದ್ದು, ಯಾವ ಕರಪತ್ರವೂ ಅಚ್ಚು ಮಾಡದ್ದು ಆ ಬಾಗಿಲ ಮೇಲಿದೆ. ಒಬ್ಬ ಕೆಲಸಗಾರ ತಾನು ಎಡವಿದ ಜಾಗದಲ್ಲೆಲ್ಲ ದೀಪ ಹಚ್ಚಿಟ್ಟು ಹೋಗಿದ್ದಾರೆ. ಅವರು ಅನಾಥ ಮಾಡಿ ಹೋಗಿಲ್ಲ ಈ ಯಂತ್ರವನ್ನು. ನಮ್ಮನ್ನೂ ಮಾಡಿಲ್ಲ.

ನಾನಿದ್ದೇನೆ. ನಾಲ್ಕನೆಯ ಸಾಲಿನ ಮೀಸೆ ಅಣ್ಣ ಇದ್ದಾರೆ. ದೊಡ್ಡಕ್ಕ ಮೊನ್ನೆ ಬೆಸುಗೆ ಹಾಕುವುದನ್ನು ಕಲಿತರು — ಇಲ್ಲ ಎನ್ನಬೇಡಿ ಅಕ್ಕ, ಬೆರಳು ಸುಟ್ಟುಕೊಂಡದ್ದನ್ನು ನೋಡಿದ್ದೇನೆ. ತೀರ್ಮಾನ ನಾಳೆ ಮಾಡಿ. ಇವತ್ತು ಕೇಳಿಸಿಕೊಳ್ಳಿ.

ಅಣ್ಣನ ಮಗಳೇ, ಒಂದು ಉಪಕಾರ ಮಾಡುತ್ತೀಯಾ? ಪೆಟ್ಟಿಗೆಯ ಸ್ವಿಚ್ ಹಾಕು. ಹಾಂ, ಅದೇ. ಸೌಂಡನ್ನು ಪೂರ್ತಿ ಏರಿಸು. ಹೆದರಬೇಡ, ಪೂರ್ತಿ.

ಹಾಡು ಹಾಕುವುದಿಲ್ಲ. ಹಿಂದಿನ ಆ ಪುಟ್ಟ ಸ್ವಿಚ್ಚಿನ ತುಟಿಗಳ ಮಧ್ಯೆ ಈ ಸಭೆಯ ಆಹ್ವಾನ ಪತ್ರಿಕೆಯ ಒಂದು ಮೂಲೆ ಹರಿದು ಸಿಗಿಸಿದ್ದೇನೆ. ಪೆಟ್ಟಿಗೆಯ ಬಾಯಿ ಈಗ ತೆರೆದಿದೆ. ಯಾರೂ ಅದನ್ನು ಅದುಮಿ ಹಿಡಿದಿಲ್ಲ. ಒಂದು ಎಳೆ ತಂತಿ ಸಡಿಲವಾಗಿದ್ದರೂ ಈ ಹಾಲ್ ತುಂಬ ಗುಂಯ್ ಎನ್ನಬೇಕು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ನಿಮ್ಮ ಕಿವಿಗೆ ಬೀಳುವ ಮೌನ ನಮ್ಮದಷ್ಟೇ ಅಲ್ಲ. ಅದು ಕಿವಿಯಣ್ಣನವರ ಕೆಲಸ —

ಕೇಳಿ.