ಹೊಲಿಗೆ ಮಷೀನಿಗೆ ವರ್ಗವಾಗಿಲ್ಲ

“ಎಲ್ಲಾ ಟ್ರಂಕಿನ ಮೇಲೂ ನಿನ್ನ ಗಂಡನ ಮಿಲಿಟರಿ ನಂಬರು, ಈ ಪೆಟ್ಟಿಗೆ ಮೇಲೆ ಮಾತ್ರ ನಿನ್ನ ಹೆಸರು ಯಾಕಮ್ಮಾ?”

ರೈಲ್ವೆ ಪಾರ್ಸೆಲ್ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಸೈನಿಕರ ಹೆಂಡಿರು ನಿಂತಿದ್ದರು. ಕೇಳಿದಾಕೆ ಹಿರಿಯಳು, ಗಂಡನಿಗೆ ವರ್ಗವಾದಾಗಲೆಲ್ಲ, ಹನ್ನೊಂದು ಸಲ, ಮನೆ ಸಾಮಾನು ಕಟ್ಟಿ ಬಿಚ್ಚಿದವಳು.

“ಅದರಲ್ಲಿ ನನ್ನ ಹೊಲಿಗೆ ಮಷೀನಿದೆ ಅಕ್ಕಾ.”

“ಸೂಜಿ ತೆಗೆದಿಟ್ಯಾ? ಎಣ್ಣೆ ಒರೆಸಿದ್ಯಾ?”

“ಒರೆಸಿ, ಹಳೇ ಸೀರೇಲಿ ಸುತ್ತಿದೀನಿ.”

“ಜಾಣೆ. ಆದ್ರೆ ಎಲ್ಲದಕ್ಕೂ ಒಂದೇ ನಂಬರಿದ್ರೆ ಸಾಮಾನು ಚದುರಲ್ಲ ಕಣೆ.”

“ಹೋದ ಸಲ ಹಾಗೇ ಮಾಡಿದ್ದೆ. ನಮ್ಮನೆಯವ್ರ ಸಹಿ ಇಲ್ದೆ ಮಷೀನು ಕೊಡಲ್ಲ ಅಂದ್ರು ಪಾರ್ಸೆಲ್ನೋರು. ಅವ್ರು ಗಡೀಲಿ. ನಾಲ್ಕು ತಿಂಗಳು ಕೈಕಟ್ಟಿ ಕೂತೆ, ಬರೋ ಗಿರಾಕಿಗಳೆಲ್ಲ ಬೇರೆ ಕಡೆ ಹೋದ್ರು.”

“ಈ ಸಲ ನಿನ್ನ ಹೆಸರು ಬರೆದಿದ್ದಕ್ಕೆ ಗಂಡ ಏನಂದ?”

“‘ಯಾವುದೋ ಹೆಂಗಸಿನ ಪೆಟ್ಟಿಗೆ ನಮ್ಮನೇಲಿ ಯಾಕೆ?’ ಅಂತ ನಕ್ಕರು.”

“ಗುಮಾಸ್ತ ತಕರಾರು ಮಾಡಿದ್ರೆ?”

“ಮಾಡ್ಲಿ. ವರ್ಗ ಆಗಿರೋದು ಅವ್ರಿಗೆ, ಮಷೀನಿಗಲ್ಲ. ಅದು ನಂದು, ಸಹೀನೂ ನಂದೇ.”

ಹಿರಿಯಾಕೆ ಪೆಟ್ಟಿಗೆಯ ಮೇಲಿನ ಹೆಸರನ್ನು ಬೆರಳಿನಿಂದ ಉಜ್ಜಿ ನೋಡಿದಳು.

“ಹಾಗಾದ್ರೆ ಮುಚ್ಚಳದ ಒಳಗೂ ಬರಿ. ಹೊರಗಿನ ಬಣ್ಣ ದಾರೀಲಿ ಉಜ್ಜಿ ಹೋಗುತ್ತೆ.”

ಕೌಂಟರಿನ ಷಟರು ಮೇಲೆದ್ದಿತು. ಕಿರಿಯಾಕೆ ಗಂಡನ ಟ್ರಂಕುಗಳನ್ನು ಅಲ್ಲೇ ಬಿಟ್ಟು, ಮೊದಲು ಆ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಳು.