ಖಾಲಿ ಡಬ್ಬದ ಬಟನ್

ಬಾವಿಯ ತಿರುವಿಗೆ ಬಂದಾಗ ಮೆಕ್ಯಾನಿಕ್ ಜೇಬಿಗೆ ಕೈ ಹಾಕಿದ. ಬೀಗದ ಕೈ ಹುಡುಕುತ್ತಿದ್ದ. ಬೆರಳಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕವರು.

ಚರ್... ಎಂದಿತು ಕವರು.

ಅಲ್ಲೇ ನಿಂತ.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಆ ಬಾವಿಗೆ ಯಾವ ಕಾಲದಲ್ಲೋ ತಗಡು ಮುಚ್ಚಿದ್ದಾರೆ. ಗಾಳಿಗೆ ತಗಡಿನ ಮೂಲೆ ಎದ್ದು ಬೀಳುತ್ತಿತ್ತು. ಟಂಯ್... ಟಂಯ್... ಅವನು ದೀಪದ ಕಂಬದ ಕೆಳಗೆ ಹೋಗಿ ಕವರನ್ನು ಎತ್ತಿ ಹಿಡಿದ. ಒಳಗೆ ಗೇಣುದ್ದದ ವೈರು. ಒಂದು ತುದಿಗೆ ಅಗಲದ ಪ್ಲಗ್ಗು, ಇನ್ನೊಂದಕ್ಕೆ ಪುಟ್ಟದು. ಕವರು ಇನ್ನೂ ಒಡೆದೇ ಇರಲಿಲ್ಲ.

"ಥತ್," ಎಂದ.

ಈ ಮೆಕ್ಯಾನಿಕ್ ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರ್ ರಿಪೇರಿ ಅವನ ಕಸುಬು. ನನ್ನ ಬೀಗದ ಅಂಗಡಿಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಸುಳ್ಳು ಹೇಳುವ ಪೈಕಿ ಅಲ್ಲ. ಹೇಳಲು ಬರುವುದೂ ಇಲ್ಲ.

ಆ ವೈರು ಇರಬೇಕಾಗಿದ್ದದ್ದು ಅವನ ತಮ್ಮನ ಮೆಷಿನ್ನಿನೊಳಗೆ.

ತಮ್ಮ ತೀರಿಕೊಂಡಿದ್ದ. ಎದೆ ಹಿಡಿದಿದೆ ಅಂದ, ನೀರು ಕೇಳಿದ. ತರುವಷ್ಟರಲ್ಲಿ ಇರಲಿಲ್ಲ. ಮೆಕ್ಯಾನಿಕ್ ಅಳಲಿಲ್ಲ. ಸ್ವಲ್ಪ ದಿನಕ್ಕೇ ಅಂಗಡಿ ತೆಗೆದ. ಸ್ಕ್ರೂ ಬಿಚ್ಚುತ್ತಿದ್ದ, ಹಾಕುತ್ತಿದ್ದ. ಮಾತಾಡಿಸಿದರೆ ಹೂಂ ಅನ್ನುತ್ತಿದ್ದ. ಜೋಮು ಹಿಡಿದ ಕಾಲಿನ ಮೇಲೆ ನಿಂತವನ ಹಾಗಿದ್ದ. ಎಲ್ಲಿ ಚಿವುಟಿದರೂ ಗೊತ್ತಾಗದು.

ಮೆಷಿನ್ನು ಎಂದರೆ ಗೇಮ್ ಆಡುವವರ ಕಂಪ್ಯೂಟರ್. ಕಂಪನಿಯೇ ಜೋಡಿಸಿ ಮಾರುವ ರೆಡಿಮೇಡ್ ಪೆಟ್ಟಿಗೆ. ಶೂ ಡಬ್ಬಕ್ಕಿಂತ ಚೂರು ದೊಡ್ಡದು. ಅಣ್ಣನ ಅಂಗಡಿ ಇಟ್ಟುಕೊಂಡು ಹೊರಗಿನಿಂದ ತಂದನಲ್ಲ ಎಂದು ಮೆಕ್ಯಾನಿಕ್ ಆಗ ಮುಖ ಊದಿಸಿಕೊಂಡಿದ್ದ.

"ಇದರೊಳಗೆ ನಿನ್ನ ಕೈ ಹೋಗಲ್ಲ ಅಣ್ಣ. ಅದಕ್ಕೇ ತಗೊಂಡೆ," ಎಂದು ತಮ್ಮ ನಕ್ಕಿದ್ದ. "ನೀನು ಬಿಚ್ಚಿದ ಯಾವುದು ಸರಿಯಾಗಿ ಮುಚ್ಚಿದೆ ಹೇಳು?"

ಕೈ ಹೋಗುತ್ತಿರಲಿಲ್ಲ, ನಿಜ. ಗಾಳಿಯೂ ಹೋಗುತ್ತಿರಲಿಲ್ಲ. ಒಳಗಿನ ಫ್ಯಾನು ಬೇಗ ಸವೆಯಿತು. ಆನ್ ಮಾಡಿದ ಕೂಡಲೇ ಕರಕರಕರ ಅನ್ನುತ್ತಿತ್ತು. ಆಗ ತಮ್ಮ ಬೆರಳಿನ ಗೆಣ್ಣಿನಿಂದ ಡಬ್ಬದ ನೆತ್ತಿಗೆ ಎರಡೇಟು ಹಾಕುತ್ತಿದ್ದ. ಟಕ್, ಟಕ್. ಸದ್ದು ನಿಲ್ಲುತ್ತಿತ್ತು. "ನೋಡಿದ್ಯಾ? ನಿನ್ನ ಅಂಗಡಿ ಮುಚ್ಚಬಹುದು," ಎನ್ನುತ್ತಿದ್ದ.

ಅವನು ಹೋದ ಮೇಲೆ ಅದರಲ್ಲಿ ಅವನ ಹೆಂಡತಿ ಕೆಲಸ ಮಾಡುತ್ತಿದ್ದಳು. ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂದು ಚಿತ್ರ ಮಾಡಿ ಒಂದು ಆಫೀಸಿಗೆ ಕಳಿಸಬೇಕು. ಒಂದೊಂದು ಚಿತ್ರ ಮೂಡಲು ಮೆಷಿನ್ನು ರಾತ್ರಿಯಿಡೀ ಓಡಬೇಕು. ಅದೋ, ಕಾದು ಕೆಂಡವಾಗಿ ನಡುವೆಯೇ ಆರಿಹೋಗುತ್ತಿತ್ತು. ಚಿತ್ರ ಮತ್ತೆ ಮೊದಲಿನಿಂದ. ಆಗಲೇ ಕೆಲವು ಕೆಲಸ ತಪ್ಪಿದ್ದವು. ನಾಳೆ ಬೆಳಗಿನದೂ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಫೀಸಿನವರು ಹೇಳಿಬಿಟ್ಟಿದ್ದರು. ಮನೆಯಲ್ಲಿ ಅವಳು, ಹಾಸಿಗೆ ಹಿಡಿದ ಅವಳ ತಾಯಿ. ದುಡಿಯುವವಳು ಅವಳೊಬ್ಬಳೇ.

"ಇದರ ಒಳಗಿನದ್ದನ್ನೆಲ್ಲ ಗಾಳಿ ಆಡೋ ದೊಡ್ಡ ಕೇಸಿಗೆ ಹಾಕಿಕೊಡಿ ಭಾವ," ಎಂದು ಅಂಗಡಿಗೆ ತಂದಿಟ್ಟಿದ್ದಳು.

"ಹೊಸದೇ ಒಂದು ಜೋಡಿಸಿ ಕೊಡ್ತೀನಿ."

"ಇದೇ ಬೇಕು."

ಅಷ್ಟೇ ಮಾತು.

ಕಂಪನಿಯವರು ಎಲ್ಲವನ್ನೂ ತಮ್ಮದೇ ಅಳತೆಗೆ ಮಾಡಿರುತ್ತಾರೆ. ಬೋರ್ಡಿನ ಒಂದು ತೂತು ದೊಡ್ಡ ಕೇಸಿಗೆ ಕೂಡಲಿಲ್ಲ. ಅಡಿಗೆ ರಬ್ಬರ್ ತುಂಡು ಕೊಟ್ಟ. ಸವೆದ ಫ್ಯಾನು ಬಿಚ್ಚಿ ಗುಜರಿ ಡಬ್ಬಿಗೆ ಎಸೆದ. ಅಗಲದ ಹೊಸ ಫ್ಯಾನು ಕೂರಿಸಿದ. ದೊಡ್ಡ ಕೇಸಿನ ಬಟನ್ನಿನ ಪ್ಲಗ್ಗು ಮಾತ್ರ ಈ ಬೋರ್ಡಿಗೆ ಹತ್ತಲಿಲ್ಲ. ನಡುವೆ ಹಾಕುವ ವೈರೊಂದು ತರಿಸಬೇಕಾಯಿತು. ಅದು ಬರುವವರೆಗೆ ಸ್ಕ್ರೂಡ್ರೈವರ್ ತುದಿಯಿಂದ ಎರಡು ಪಿನ್ನು ಮುಟ್ಟಿಸಿ ಆನ್ ಮಾಡುತ್ತಿದ್ದ. ಟಿಕ್. ಆನ್ ಆಗುತ್ತಿತ್ತು. ರಿಪೇರಿಯವರು ಎಲ್ಲರೂ ಹಾಗೇ ಮಾಡುವುದು. ಕೈಗೆ ರೂಢಿಯಾಗಿಬಿಟ್ಟರೆ ಬಟನ್ ಒಂದು ಬೇಕು ಅನ್ನುವುದೇ ನೆನಪಾಗುವುದಿಲ್ಲ.

ವೈರು ಬಂತು. ಕಳೆದುಹೋದೀತು ಎಂದು ಅಂಗಿಯ ಜೇಬಿಗೆ ಹಾಕಿಕೊಂಡ.

ಮರೆತ.

ಅವತ್ತು ರಾತ್ರಿ ಅಂಗಡಿ ಮುಚ್ಚಿ ಎರಡನ್ನೂ ಹೊತ್ತುಕೊಂಡು ಅವಳ ಮನೆಗೆ ಹೋಗಿದ್ದ. ತುಂಬಿದ ದೊಡ್ಡ ಕೇಸು, ಖಾಲಿ ಸಣ್ಣ ಡಬ್ಬ. ಡಬ್ಬ ಎಸೀಬೇಡಿ ಎಂದು ಅವಳೇ ಹೇಳಿದ್ದಳು. ಎರಡನ್ನೂ ತಮ್ಮನ ಮೇಜಿನ ಮೇಲೆ ಇಟ್ಟ. ಗೋಡೆಗೆ ಪ್ಲಗ್ ಹಾಕಿದ. ಆನ್ ಮಾಡಿ ತೋರಿಸಿ ಬರಬೇಕಿತ್ತು. ಮೇಜಿನ ಮುಂದೆ ತಮ್ಮನ ಕುರ್ಚಿ ಇತ್ತು. ಒಂದು ಕೈ ಸವೆದು ಸ್ಪಂಜು ಹೊರಗೆ ಬಂದಿತ್ತು.

"ನೀನೇ ಆನ್ ಮಾಡ್ಕೋ ತಾಯಿ," ಎಂದು ಹೊರಟುಬಿಟ್ಟಿದ್ದ.

ಈಗ ಬಾವಿಯ ಹತ್ತಿರ ನಿಂತು ಲೆಕ್ಕ ಹಾಕಿದ. ಅವಳು ದೊಡ್ಡ ಕೇಸಿನ ಬಟನ್ ಒತ್ತಿರುತ್ತಾಳೆ. ಏನೂ ಆಗಿರುವುದಿಲ್ಲ. ಚಿತ್ರ ಶುರುವೇ ಆಗಿರುವುದಿಲ್ಲ. ಫೋನು ಮಾಡೋಣವೆಂದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ.

ತಿರುಗಿ ನಡೆದ. ಬೇಗ ಬೇಗ ನಡೆದ. ಹಿಂದೆ ತಗಡು ಟಂಯ್ ಎಂದಿತು.

ಅವಳ ಕಿಟಕಿಯಲ್ಲಿ ನೀಲಿ ಬೆಳಕು. ಪರದೆಯ ಬೆಳಕು. ಅವನು ಕಿಟಕಿಯ ಕೆಳಗೆ ನಿಂತು ಕಿವಿಗೊಟ್ಟ.

ಗುಂಂಂ... ಅದು ಹೊಸ ಫ್ಯಾನು. ಅವನೇ ಕೂರಿಸಿದ್ದು.

ಆಮೇಲೆ... ಕರಕರಕರ...

ಆ ಸದ್ದಿನ ಫ್ಯಾನು ಅವನ ಅಂಗಡಿಯಲ್ಲಿ, ಗುಜರಿ ಡಬ್ಬಿಯ ತಳದಲ್ಲಿ ಬಿದ್ದಿತ್ತು.

ಟಕ್... ಟಕ್.

ಸದ್ದು ನಿಂತಿತು.

ಬಾಗಿಲು ಬಡಿದ. ಅವಳು ಬಂದು ತೆಗೆದು ಬಾಯಿಗೆ ಬೆರಳಿಟ್ಟಳು.

"ಮೆಲ್ಲಗೆ. ಅಮ್ಮನಿಗೆ ಈಗಷ್ಟೇ ನಿದ್ದೆ ಹತ್ತಿದೆ. ಏನು ಭಾವ, ಏನಾದ್ರೂ ಬಿಟ್ಟು ಹೋದ್ರಾ?"

"ಆನ್ ಆಯ್ತಾ?"

"ಆಗ್ದೆ? ಆಗಲೇ ಸೂರು ಮೂಡಿದೆ."

"ಹೇಗೆ ಆನ್ ಮಾಡ್ದೆ?"

"ಬಟನ್ ಒತ್ತಿ. ಮತ್ತೆ ಊದಿ ಹತ್ತಿಸೋಕೆ ಒಲೆಯಾ ಅದು?"

"ಯಾವ ಬಟನ್?"

ಅವಳು ಮೇಜಿನ ಕಡೆ ಗದ್ದ ಎತ್ತಿದಳು. ಸಣ್ಣ ಡಬ್ಬದ ಕಡೆಗೆ.

"ದೊಡ್ಡದರದ್ದು ಒತ್ತಿದೆ, ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಹಳೇದನ್ನ ಒತ್ತಿದೆ. ಓ, ಇದಕ್ಕೇ ಜೋಡಿಸಿದ್ದಾರೆ ಅಂತ ಗೊತ್ತಾಯ್ತು."

ಅವನು ಹತ್ತಿರ ಹೋದ. ಸಣ್ಣ ಡಬ್ಬ ಎತ್ತಿದ. ಹಗುರ... ಬೆಂಕಿಪೊಟ್ಟಣದ ಹಾಗೆ. ಹಿಂದಿನ ತೂತುಗಳಿಂದ ಪರದೆಯ ಬೆಳಕು ಆರಪಾರ ಕಾಣುತ್ತಿತ್ತು. ಒಳಗೆ ಬಟನ್ನಿನ ವೈರು ನೇತಾಡುತ್ತಿತ್ತು. ತುದಿಗೆ ಅವನೇ ಸುತ್ತಿದ್ದ ಟೇಪು. ಕೆಳಗಿಟ್ಟು ಅಂಗೈ ಒತ್ತಿ ನೋಡಿದ. ತಣ್ಣಗಿತ್ತು.

ದೊಡ್ಡ ಕೇಸಿನ ಪಕ್ಕದ ಬಾಗಿಲು ಸರಿಸಿದ. ಬೋರ್ಡಿನ ಮೂಲೆಯಲ್ಲಿ ಎರಡು ಪಿನ್ನು. ಬೋಳು. ಅವಕ್ಕೆ ಏನೂ ತಾಗಿರಲಿಲ್ಲ. ಮೆಷಿನ್ನು ಓಡುತ್ತಿತ್ತು. ಪರದೆಯ ಮೇಲೆ ಒಂದು ಮನೆ ಗೆರೆಗೆರೆಯಾಗಿ ಮೇಲಿನಿಂದ ಕೆಳಗೆ ಮೂಡುತ್ತಿತ್ತು. ಸೂರು, ಮಹಡಿಯ ಕಿಟಕಿ. ಬಾಗಿಲು ಇನ್ನೂ ಬಂದಿರಲಿಲ್ಲ.

"ಆ ಕರಕರ?" ಎಂದ.

"ಅದೊಂದು ಹೋಗಿಲ್ಲ ನೋಡಿ. ಕೈಯೇ ತಾನಾಗಿ ಎರಡೇಟು ಕೊಡ್ತು. ಸುಮ್ಮನಾಯ್ತು."

"ಯಾವುದಕ್ಕೆ ಕೊಟ್ಟೆ?"

"ಸದ್ದು ಬಂದಿದ್ದಕ್ಕೆ." ಮತ್ತೆ ಸಣ್ಣ ಡಬ್ಬ ತೋರಿಸಿದಳು.

ಅವನ ಕೈ ಜೇಬಿನಲ್ಲಿತ್ತು. ಕವರು ಚರ್ ಎಂದಿತು. ಆ ವೈರು ಹಾಕಬೇಕೆಂದರೆ ಮೆಷಿನ್ನು ಆರಿಸಬೇಕು. ಆರಿಸಿದರೆ ಚಿತ್ರ ಮತ್ತೆ ಮೊದಲಿನಿಂದ. ಬೆಳಗಿನೊಳಗೆ ಮುಗಿಯುವುದಿಲ್ಲ.

ಅವಳು ದನಿ ಇನ್ನೂ ತಗ್ಗಿಸಿದಳು.

"ನಿಮ್ಮನ್ನ ಕೇಳೋಕೆ ನಾಚಿಕೆಯಾಗಿತ್ತು ಭಾವ. ಆ ಬಟನ್ ನೋಡಿ... ಅವರ ಬೆರಳು ತಾಗಿ ತಾಗಿ ಬಣ್ಣ ಹೋಗಿದೆ. ಇನ್ನು ಅದನ್ನ ಒತ್ತೋಹಾಗಿಲ್ಲ ಅಂದ್ಕೊಂಡಿದ್ದೆ. ನೀವೇ ಉಳಿಸಿದ್ರಿ."

ಅವನು ಬಟನ್ ನೋಡಿದ. ನಡುವೆ ಬಣ್ಣ ಹೋಗಿ ತಗಡು ಕಾಣುತ್ತಿತ್ತು.

"ಹೂಂ," ಎಂದ. "ಅದಕ್ಕೇ ಜೋಡಿಸಿದ್ದು."

ಅವನು ಹೇಳಿದ ಸುಳ್ಳು ಅದೊಂದೇ.

"ಕೂತ್ಕೊಳ್ಳಿ. ನೀರು ತರ್ಲಾ?"

"ಬೇಡ," ಎಂದ. ಕೇಸಿನ ಬಾಗಿಲು ಸರಿಯಾಗಿ ಮುಚ್ಚಿದ. ಸ್ಕ್ರೂ ತಿರುಗಿಸಿದ. ಸರಿಯಾಗಿ ಮುಚ್ಚಿದೆಯಾ ಎಂದು ಮತ್ತೊಮ್ಮೆ ಒತ್ತಿ ನೋಡಿದ. ಹೊರಟ.

ಬೆಳಗ್ಗೆ ಚಿತ್ರ ಆಫೀಸು ಮುಟ್ಟಿತು. ಕೆಲಸ ಉಳಿಯಿತು. ಮೆಷಿನ್ನು ಆಮೇಲೆ ಒಮ್ಮೆಯೂ ನಡುವೆ ಆರಿಲ್ಲ. ಅವಳು ಇವತ್ತಿಗೂ ಆ ಸಣ್ಣ ಡಬ್ಬದ ಬಟನ್ನೇ ಒತ್ತುವುದು. ಅವನು ಆ ವೈರು ಹಾಕಲು ಹೋಗಿಲ್ಲ. ಕವರನ್ನೂ ಒಡೆದಿಲ್ಲ.

ನಂಬದಿದ್ದರೆ ಬಿಡಿ. ಆದರೆ ಅವತ್ತು ಬೆಳಗ್ಗೆ ಅವನು ಅಂಗಡಿ ತೆಗೆಯುವ ಮೊದಲು ನನ್ನನ್ನು ಕರೆದ. ಕಣ್ಣು ಕೆಂಪಾಗಿತ್ತು. ಅತ್ತಿದ್ದನೋ, ನಿದ್ದೆ ಇಲ್ಲವೋ, ನಾನು ಕೇಳಲಿಲ್ಲ. "ಜೊತೆಗೆ ಬಾ," ಎಂದ. ಶಟರಿಗೆ ಹಾಕಿದ್ದು ನಾನೇ ಮಾಡಿಕೊಟ್ಟ ಬೀಗ. ಯಾರೂ ಮುಟ್ಟಿರಲಿಲ್ಲ. ನನ್ನ ಮುಂದೆಯೇ ತೆಗೆದ. ಒಳಗೆ ಕರೆಂಟು ಆರಿಸಿಯೇ ಇತ್ತು. ಗುಜರಿ ಡಬ್ಬಿ ಎಳೆದು ನೆಲಕ್ಕೆ ಸುರಿದ. ಸ್ಕ್ರೂ, ತುಂಡು ವೈರು, ಕೀಬೋರ್ಡಿನ ಮುರಿದ ಕೀಲಿಗಳು. ಕೊನೆಗೆ ಆ ಫ್ಯಾನು ಬಿತ್ತು. ರೆಕ್ಕೆಗಳಿಗೆ ಧೂಳು ಮೆತ್ತಿತ್ತು. ಅದರ ವೈರು ಅದಕ್ಕೇ ಸುತ್ತಿಕೊಂಡಿತ್ತು.

"ಮುಟ್ಟು," ಎಂದ.

ಮುಟ್ಟಿದೆ.

ಬೆಚ್ಚಗಿತ್ತು.