ಕಿವಿಗೆ ಹಿಡಿದ ಎಲೆ

ಹೊಸತೊಡಕಿನ ಮಾರನೇ ದಿನ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಕೈವಾರದ ಬಸ್ಸಿಗೆ ಕಾಯುತ್ತಿದ್ದ ಗಂಗುಲಮ್ಮನ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಇಬ್ಬರು ಗೆಳೆಯರು ನಿಂತಿದ್ದರು. ಮಾತು ಕಿವಿಗೆ ಬೀಳದೆ ಇರಲು ಅವಳೇನು ಕಿವುಡಿಯೇ?

"ಈ ಹಬ್ಬಕ್ಕೂ ಇಸ್ಪೀಟಲ್ಲಿ ನಿಮ್ಮ ಬಾವನ ಕೈಲಿ ಸೋತ್ಯಾ, ಕೋನಪ್ಪ?"

"ನನ್ನ ಕೈಯೇ ಎಲೆ ಹೇಳ್ಬಿಡ್ತದೆ ಅಂತ ನೀನು ಹೇಳಿದ್ದು ನಿಜ ಕಣೋ ಪಾಷಾ. ಒಳ್ಳೆ ಎಲೆ ಬಂದ್ರೆ ಸಾಕು, ರೇಷ್ಮೆ ಗೂಡು ಒಳ್ಳೇದಾ ಅಂತ ಅಲ್ಲಾಡಿಸಿ ಕೇಳೋ ಹಂಗೆ ಕಿವಿ ಹತ್ರ ತಗೊಂಡೋಗ್ತಿದ್ದೆ. ಬಾವ ಅದನ್ನ ನೋಡಿ ಆಟ ಬಿಟ್ಬಿಡ್ತಿದ್ದ."

"ಕೈ ಬಿಗಿ ಹಿಡ್ಕೊಂಡು ಕೂತ್ಕೋ ಅಂದಿದ್ನಲ್ಲಪ್ಪ!"

"ಕೂತ್ಕೊಳ್ಳಿಲ್ಲ. ನಿನ್ನೆ ಬಂದಿದ್ದು ಎರಡು, ಐದು, ಏಳು, ಬರೀ ಕಸ. ಕಿವಿ ಹತ್ರ ಹಿಡಿದು ಸಣ್ಣಗೆ ಅಲ್ಲಾಡಿಸ್ದೆ."

"ಅಯ್ಯೋ! ಆಮೇಲೆ?"

"ಜೋಡಿ ರಾಜ ಇಟ್ಕೊಂಡಿದ್ದೋನು ಎಲೆ ಬಿಸಾಕ್ದ! ನನ್ನೆಲೆ ತೋರಿಸ್ದೆ. ಇಷ್ಟು ವರ್ಷ ದಡ್ಡ ಅಂತಿದ್ದೋನು ಅವನ್ನ ಎತ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡ್ದ."

ಗಂಗುಲಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅಷ್ಟರಲ್ಲಿ ಚಿಂತಾಮಣಿ ಬಸ್ಸು ಬಂತು. ಇಬ್ಬರೂ ಓಡಿದರು.

"ಇನ್ಮೇಲೆ ಅಲ್ಲಾಡಿಸಿದ್ರೆ ನಿಮ್ಮ ಬಾವ ನಂಬಲ್ಲ ಕಣೋ!"

ಕೋನಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದ:

"ನಂಬಬಾರ್ದು ಅಂತಾನೇ! ಮುಂದಿನ ಯುಗಾದಿಗೆ ಒಳ್ಳೆ ಎಲೆ ಬಂದಾಗ ಅಲ್ಲಾಡಿಸ್ತೀನಿ!"